ಹಳೆಯ ರಥಕ್ಕೆ ಹೊಸ ಎಂಜಿನ್

ಯಂತ್ರವೊಂದು ಹಳತಾದಾಗ ಅದರ ಒಡೆಯನ ಮುಂದೆ ಮೂರು ದಾರಿಗಳು ತೆರೆದಿರುತ್ತವೆ. ಅದನ್ನು ಗುಜರಿಗೆ ಹಾಕುವುದು ಮೊದಲನೆಯದು. ಇದ್ದುದನ್ನು ಇದ್ದಂತೆಯೇ ಜತನದಿಂದ ಕಾಪಿಡುವುದು ಎರಡನೆಯದು. ಒಡಲನ್ನು ಉಳಿಸಿಕೊಂಡು ಒಳಗಿನ ಶಕ್ತಿಮೂಲವನ್ನಷ್ಟೇ ಬದಲಿಸುವುದು ಮೂರನೆಯದು. ಮೊದಲನೆಯದಕ್ಕೆ ವಿಶೇಷ ಜಾಣ್ಮೆ ಬೇಕಿಲ್ಲ. ಎರಡನೆಯದಕ್ಕೆ ತಾಳ್ಮೆಯೂ ಹಣವೂ ಬೇಕು. ಮೂರನೆಯದಕ್ಕೆ ಇವೆರಡರ ಜೊತೆಗೆ ವಿವೇಕವೂ ಬೇಕು. ಏಕೆಂದರೆ ಒಂದು ಅಂಗವನ್ನು ಬದಲಿಸಿದವನು ಉಳಿದ ಅಂಗಗಳಿಗೂ ಉತ್ತರ ಹೇಳಬೇಕಾಗುತ್ತದೆ. ಈ ಮೂರನೆಯ ದಾರಿಯನ್ನು ಅಮೆರಿಕದಲ್ಲಿ ಸಾವಿರಾರು ಮಂದಿ ಹವ್ಯಾಸಿಗಳೂ ಮೆಕ್ಯಾನಿಕರೂ ತುಳಿದಿದ್ದಾರೆ. 1960ರ ದಶಕದ ‘ಮಸಲ್ ಕಾರು’ಗಳಿಗೆ ಇತ್ತೀಚಿನ ಎಂಜಿನ್ನುಗಳನ್ನು ಜೋಡಿಸುವ ಅವರ ಅನುಭವವನ್ನು ಪರಿಶೀಲಿಸಿ, ಅದರಿಂದ ದೊರೆಯುವ ಪಾಠವನ್ನು ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶ.

ಮಸಲ್ ಕಾರಿನ ಉದಯ ಮತ್ತು ಅಸ್ತ

‘ಮಸಲ್’ ಎಂದರೆ ಸ್ನಾಯು. ಮಧ್ಯಮ ಗಾತ್ರದ, ಸಾಮಾನ್ಯರ ಕೈಗೆಟಕುವ ಬೆಲೆಯ ಕಾರಿನೊಳಗೆ ದೊಡ್ಡ ಕಾರಿಗೆಂದು ನಿರ್ಮಿಸಿದ ಎಂಟು ಸಿಲಿಂಡರುಗಳ ಭಾರಿ ಎಂಜಿನ್ನನ್ನು ಕೂಡಿಸಿದರೆ ಮಸಲ್ ಕಾರು ಹುಟ್ಟುತ್ತದೆ. ಈ ವರ್ಗದ ಆದ್ಯ ಪ್ರತಿನಿಧಿಯೆಂದು ಸಾಮಾನ್ಯವಾಗಿ ಪರಿಗಣಿಸಲಾಗುವುದು 1964ರ ಪಾಂಟಿಯಾಕ್ ಜಿ.ಟಿ.ಓ. ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಕೂಡದೆಂಬ ನಿಯಮವನ್ನು ಜನರಲ್ ಮೋಟಾರ್ಸ್ ಸಂಸ್ಥೆಯೇ ವಿಧಿಸಿಕೊಂಡಿತ್ತು. ಪಾಂಟಿಯಾಕ್ ವಿಭಾಗದವರು 389 ಘನ ಅಂಗುಲದ ಎಂಜಿನ್ನನ್ನು ಪ್ರತ್ಯೇಕ ಮಾದರಿಯಾಗಿ ಪ್ರಕಟಿಸದೆ, ಟೆಂಪೆಸ್ಟ್ ಲೆ ಮಾನ್ ಎಂಬ ಕಾರಿಗೆ ಐಚ್ಛಿಕ ಜೋಡಣೆಯೆಂದು ಮಾರಿ ಆ ನಿಯಮದ ಕೈಯಿಂದ ನುಣುಚಿಕೊಂಡರು. ಮೊದಲ ವರ್ಷದಲ್ಲಿಯೇ 32,450 ಕಾರುಗಳು ಮಾರಾಟವಾದವು. ಹೀಗೆ ಮಸಲ್ ಕಾರಿನ ಜನ್ಮದಲ್ಲಿಯೇ ಎಂಜಿನ್ ಬದಲಾವಣೆಯ ಬೀಜವಿತ್ತೆಂಬುದು ಗಮನಾರ್ಹವಾದ ಸಂಗತಿ.

1970ರ ವೇಳೆಗೆ ಈ ಪೈಪೋಟಿ ಪರಾಕಾಷ್ಠೆಯನ್ನು ಮುಟ್ಟಿತು. ಆ ವರ್ಷದ ಷೆವರ್ಲೆ ಷೆವೆಲ್ ಕಾರಿನ 454 ಘನ ಅಂಗುಲದ ಎಂಜಿನ್ನಿಗೆ 450 ಅಶ್ವಶಕ್ತಿಯೆಂದು ಘೋಷಿಸಲಾಗಿತ್ತು. ಆದರೆ ಅದೇ ವರ್ಷ ಅಮೆರಿಕದ ಸಂಸತ್ತು ಶುದ್ಧ ವಾಯು ಶಾಸನವನ್ನು ಬಲಪಡಿಸಿತು. ಸೀಸ ಕಡಿಮೆಯಿರುವ ಪೆಟ್ರೋಲಿಗೆ ಹೊಂದುವಂತೆ 1971ರಲ್ಲಿ ಜನರಲ್ ಮೋಟಾರ್ಸ್ ತನ್ನ ಎಂಜಿನ್ನುಗಳ ಸಂಪೀಡನಾನುಪಾತವನ್ನು ತಗ್ಗಿಸಿತು. ವಿಮೆಯ ಕಂತುಗಳು ಏರಿದವು. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ನಿರ್ಬಂಧವನ್ನು ಹೇರಿದವು. 1975ರ ಕಾರ್ವೆಟ್ ಕಾರಿನ ಮೂಲ ಎಂಜಿನ್ನಿನ ಘೋಷಿತ ಶಕ್ತಿ ಕೇವಲ 165 ಅಶ್ವಶಕ್ತಿಯಾಗಿತ್ತು.

ಇಲ್ಲಿ ವಿದ್ಯಾರ್ಥಿಗಳು ಒಂದು ಎಚ್ಚರವನ್ನು ವಹಿಸಬೇಕು. ಕಮಾರೊ ಝಡ್28 ಕಾರಿನ 350 ಘನ ಅಂಗುಲದ ಎಂಜಿನ್ನಿಗೆ 1970ರಲ್ಲಿ 360 ಅಶ್ವಶಕ್ತಿಯೆಂದೂ 1972ರಲ್ಲಿ 255 ಎಂದೂ ದಾಖಲೆಗಳು ಹೇಳುತ್ತವೆ. ಈ ಇಳಿತವೆಲ್ಲವೂ ನಿಜವಾದ ನಷ್ಟವಲ್ಲ. ಮೊದಲು ಎಂಜಿನ್ನನ್ನು ಒಂಟಿಯಾಗಿ, ಫ್ಯಾನು, ಗಾಳಿಯ ಫಿಲ್ಟರು, ಸೈಲೆನ್ಸರುಗಳ ಹೊರೆಯಿಲ್ಲದೆ ಅಳೆಯುತ್ತಿದ್ದರು. ಇದು ಸ್ಥೂಲ ಅಶ್ವಶಕ್ತಿ. 1972ರಿಂದ ಆ ಉಪಾಂಗಗಳನ್ನೆಲ್ಲ ಜೋಡಿಸಿ ನಿವ್ವಳ ಅಶ್ವಶಕ್ತಿಯನ್ನು ಹೇಳತೊಡಗಿದರು. ಅಳತೆಗೋಲು ಬದಲಾದುದನ್ನು ಅರಿಯದೆ ಅಂಕಿಗಳನ್ನು ಹೋಲಿಸುವವನು ತಪ್ಪು ತೀರ್ಮಾನಕ್ಕೆ ಬರುತ್ತಾನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ.

ಹೊಸ ಎಂಜಿನ್ನಿನ ಆಗಮನ

ಷೆವರ್ಲೆ ವಿಭಾಗವು 1955ರಲ್ಲಿ 265 ಘನ ಅಂಗುಲದ ಒಂದು ವಿ-8 ಎಂಜಿನ್ನನ್ನು ಹೊರತಂದಿತು. ‘ಸ್ಮಾಲ್ ಬ್ಲಾಕ್’ ಎಂದು ಹೆಸರಾದ ಈ ವಂಶವು ದಶಕಗಳ ಕಾಲ ಬಾಳಿತು. 1997ರ ಕಾರ್ವೆಟ್ ಕಾರಿನೊಂದಿಗೆ ಅದರ ಸ್ಥಾನಕ್ಕೆ ಪೂರ್ಣವಾಗಿ ಹೊಸತಾದ ಎಲ್.ಎಸ್.1 ಎಂಬ ಎಂಜಿನ್ ಬಂತು. ಗಾತ್ರ 346 ಘನ ಅಂಗುಲ, ಎಂದರೆ 5.7 ಲೀಟರ್, ನಿವ್ವಳ ಶಕ್ತಿ 345 ಅಶ್ವಶಕ್ತಿ. ಅದರ ಬ್ಲಾಕು ಎರಕದ ಕಬ್ಬಿಣದ್ದಲ್ಲ, ಅಲ್ಯೂಮಿನಿಯಂನದು. ಕಾರ್ಬ್ಯುರೇಟರಿನ ಬದಲು ಪ್ರತಿಯೊಂದು ಸಿಲಿಂಡರಿಗೂ ಒಂದೊಂದು ಇಂಜೆಕ್ಟರು. ಡಿಸ್ಟ್ರಿಬ್ಯೂಟರಿನ ಬದಲು ಪ್ರತಿಯೊಂದು ಸಿಲಿಂಡರಿಗೂ ಒಂದೊಂದು ಕಾಯಿಲು. ಇವೆಲ್ಲವನ್ನೂ ಆಳುವುದಕ್ಕೆ ಒಂದು ಪುಟ್ಟ ಕಂಪ್ಯೂಟರು. 2008ರ ಕಾರ್ವೆಟ್ಟಿಗೆ ಬಂದ ಎಲ್.ಎಸ್.3 ಎಂಬ 6.2 ಲೀಟರಿನ ಎಂಜಿನ್ 430 ಅಶ್ವಶಕ್ತಿಯನ್ನು ನೀಡಿತು. ಇದೇ ವಂಶದ 4.8, 5.3 ಮತ್ತು 6.0 ಲೀಟರಿನ ಎಂಜಿನ್ನುಗಳನ್ನು 1999ರಿಂದ ಲಕ್ಷಾಂತರ ಲಘು ಟ್ರಕ್ಕುಗಳಿಗೂ ಕೂಡಿಸಲಾಯಿತು. ಅಪಘಾತಕ್ಕೀಡಾದ ಟ್ರಕ್ಕುಗಳ ಸುಸ್ಥಿತಿಯ ಎಂಜಿನ್ನುಗಳು ಗುಜರಿ ಅಂಗಳಗಳಲ್ಲಿ ಅಗ್ಗವಾಗಿ ದೊರೆಯತೊಡಗಿದುದೇ ಈ ಹವ್ಯಾಸ ಹಬ್ಬಲು ಮುಖ್ಯ ಕಾರಣ.

ಇನ್ನೊಂದು ಕಾರಣವೂ ಉಂಟು. ಈ ಎಂಜಿನ್ನಿನ ಕ್ಯಾಮ್ ಶಾಫ್ಟು ಹಳೆಯ ಪದ್ಧತಿಯಂತೆ ಬ್ಲಾಕಿನ ಒಡಲಲ್ಲಿಯೇ ಇರುವುದರಿಂದ ತಲೆಭಾಗ ಚಿಕ್ಕದು. ಪಕ್ಕದ ಸಿಲಿಂಡರುಗಳ ಕೇಂದ್ರಗಳ ನಡುವಣ ಅಂತರ 1955ರಲ್ಲಿದ್ದಂತೆಯೇ 4.4 ಅಂಗುಲ. ಗೇರುಪೆಟ್ಟಿಗೆಯನ್ನು ಸೇರಿಸುವ ಬೋಲ್ಟುಗಳ ವಿನ್ಯಾಸವೂ ಬಹುಮಟ್ಟಿಗೆ ಹಳೆಯದೇ. ಆದುದರಿಂದ 1967ರಿಂದ 1969ರವರೆಗಿನ ಕಮಾರೊ ಕಾರಿನ ಬಾನೆಟ್ಟಿನ ಕೆಳಗೆ ಮೊಮ್ಮಗನು ಅಜ್ಜನ ಕುರ್ಚಿಯಲ್ಲಿ ಕುಳಿತಂತೆ ಇದು ಕುಳಿತುಕೊಳ್ಳುತ್ತದೆ.

ಇದಕ್ಕೆ ಪ್ರತಿಯಾಗಿ ಫೋರ್ಡ್ ಸಂಸ್ಥೆಯ ಕತೆಯನ್ನು ನೋಡಬಹುದು. 2011ರ ಮಸ್ಟಾಂಗ್ ಜಿ.ಟಿ.ಗೆ ಬಂದ 5.0 ಲೀಟರಿನ ‘ಕಯೋಟಿ’ ಎಂಜಿನ್ 412 ಅಶ್ವಶಕ್ತಿಯ ಸಮರ್ಥ ಯಂತ್ರ. ಆದರೆ ಅದಕ್ಕೆ ಪ್ರತಿ ಬದಿಯ ತಲೆಯ ಮೇಲೂ ಎರಡೆರಡು ಕ್ಯಾಮ್ ಶಾಫ್ಟುಗಳಿರುವುದರಿಂದ ಅದರ ಅಗಲ ಹೆಚ್ಚು. 1960ರ ದಶಕದ ಮಸ್ಟಾಂಗಿನಲ್ಲಿ ಮುಂಭಾಗದ ಸ್ಪ್ರಿಂಗುಗಳನ್ನು ಹಿಡಿದಿಡುವ ಉಕ್ಕಿನ ಗೋಪುರಗಳೆರಡು ಎಂಜಿನ್ನಿನ ಇಕ್ಕೆಲಗಳಲ್ಲಿ ನಿಂತು ಜಾಗವನ್ನು ಕಿರಿದುಗೊಳಿಸಿವೆ. ಕಯೋಟಿಯನ್ನು ಕೂಡಿಸುವವರು ಸಾಮಾನ್ಯವಾಗಿ ಆ ಗೋಪುರಗಳನ್ನು ಕತ್ತರಿಸಿ ತೆಗೆದು, ಮುಂಭಾಗದ ಸಸ್ಪೆನ್ಷನ್ನನ್ನೇ ಬೇರೆ ಬಗೆಯದಾಗಿ ಮಾರ್ಪಡಿಸಬೇಕಾಗುತ್ತದೆ. ಒಂದು ಕಡೆ ಬೋಲ್ಟು ಬಿಚ್ಚಿ ಬೋಲ್ಟು ಬಿಗಿಯುವ ಕೆಲಸ. ಇನ್ನೊಂದು ಕಡೆ ಗರಗಸದ ಕೆಲಸ. ಈ ಭೇದದ ಮಹತ್ತ್ವವನ್ನು ಮುಂದೆ ವಿವೇಚಿಸಲಾಗುವುದು.

ಹೃದಯ ಬದಲಾದರೆ ನಾಡಿಗಳೂ ಬದಲಾಗಬೇಕು

ಎಂಜಿನ್ನನ್ನು ತಂದು ಕೂಡಿಸಿದೊಡನೆ ಕೆಲಸ ಮುಗಿಯಿತೆಂದು ಭಾವಿಸುವವರು ಬಹಳ ಮಂದಿ. ವಾಸ್ತವದಲ್ಲಿ ಕೆಲಸ ಆರಂಭವಾಗುವುದೇ ಅಲ್ಲಿಂದ. ಅದನ್ನು ಕ್ರಮವಾಗಿ ಪರಿಶೀಲಿಸೋಣ.

ಮೊದಲನೆಯದು ಆಸನ. ಹಳೆಯ ಬ್ಲಾಕಿನ ಪಕ್ಕದಲ್ಲಿ ಮೌಂಟಿಂಗಿಗೆ ಮೂರು ಬೋಲ್ಟುಗಳಿದ್ದರೆ ಹೊಸದಕ್ಕೆ ನಾಲ್ಕು. ಇವೆರಡನ್ನು ಹೊಂದಿಸಲು ನಡುವೆ ಉಕ್ಕಿನ ಫಲಕವೊಂದು ಬೇಕು. ಟ್ರಕ್ಕಿನ ಎಂಜಿನ್ನಿನ ತಳದ ಆಯಿಲ್ ಸಂಪು ಆಳವಾಗಿರುವುದರಿಂದ ಅದು ಕಾರಿನ ಅಡ್ಡತೊಲೆಗೆ ತಾಗುತ್ತದೆ, ಇಲ್ಲವೇ ನೆಲಕ್ಕೆ ತೀರ ಸಮೀಪಿಸುತ್ತದೆ. ಅದನ್ನು ತೆಗೆದು ಬೇರೆ ಆಕಾರದ ಸಂಪನ್ನು ಹಾಕಬೇಕು. ಅನುಭವಿಗಳು ಮೊದಲು ಹಗುರವಾದ ಪ್ಲಾಸ್ಟಿಕ್ಕಿನ ನಕಲು ಬ್ಲಾಕೊಂದನ್ನು ಇಳಿಸಿ, ಸ್ಟಿಯರಿಂಗಿಗೆ, ಹಿಂದಣ ತಗಡಿನ ಗೋಡೆಗೆ, ಹೊಗೆಕೊಳವೆಗೆ ಎಷ್ಟೆಷ್ಟು ಜಾಗ ಉಳಿಯುವುದೆಂದು ಅಳೆದು ನೋಡುತ್ತಾರೆ. ಅಳತೆ ಮೊದಲು, ಖರೀದಿ ಅನಂತರ ಎಂಬುದು ಅವರ ನಿಯಮ.

ಎರಡನೆಯದು ಇಂಧನ. ಕಾರ್ಬ್ಯುರೇಟರಿಗೆ ಚದರ ಅಂಗುಲಕ್ಕೆ 5ರಿಂದ 7 ಪೌಂಡಿನ ಒತ್ತಡ ಸಾಕು. ಎಲ್.ಎಸ್. ಎಂಜಿನ್ನಿನ ಇಂಜೆಕ್ಟರುಗಳಿಗೆ ಸುಮಾರು 58 ಪೌಂಡು ಬೇಕು. ಎಂದರೆ ವಾಯುಮಂಡಲದ ಒತ್ತಡದ ನಾಲ್ಕರಷ್ಟು. ಹಳೆಯ ರಬ್ಬರು ಕೊಳವೆಗಳೂ ಹಿಡಿಕೆಗಳೂ ಈ ಒತ್ತಡವನ್ನು ತಾಳಲಾರವು. ಬಿಸಿಯೇರಿದ ಎಂಜಿನ್ನಿನ ಪಕ್ಕದಲ್ಲಿ ಅಂಥ ಕೊಳವೆಯೊಂದು ಸೀಳಿದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವುಂಟು. ಇನ್ನೊಂದು ಸೂಕ್ಷ್ಮವೂ ಇದೆ. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಸ್ವಲ್ಪ ಪೆಟ್ರೋಲು ಸದಾ ನಿಂತಿರುವುದರಿಂದ, ತಿರುವಿನಲ್ಲಿ ಟ್ಯಾಂಕಿನ ಪೆಟ್ರೋಲು ಒಂದು ಬದಿಗೆ ವಾಲಿದರೂ ಎಂಜಿನ್ ನಿಲ್ಲದು. ಇಂಜೆಕ್ಷನ್ ವ್ಯವಸ್ಥೆಯಲ್ಲಿ ಅಂಥ ದಾಸ್ತಾನಿಲ್ಲ. ಪಂಪು ಒಂದು ಕ್ಷಣ ಗಾಳಿಯನ್ನೆಳೆದರೂ ಎಂಜಿನ್ ತೊದಲುತ್ತದೆ. ಆದುದರಿಂದ ಒಳಗೆ ತಡೆಗೋಡೆಗಳುಳ್ಳ ಟ್ಯಾಂಕು ಮತ್ತು ಅದರೊಳಗೆ ಮುಳುಗಿರುವ ವಿದ್ಯುತ್ ಪಂಪು ಅವಶ್ಯಕ.

ಮೂರನೆಯದು ತಂಪು. ಹೊಸ ಎಂಜಿನ್ನಿನ ತಲೆಭಾಗದ ಎತ್ತರದ ಮೂಲೆಗಳಲ್ಲಿ ಹಬೆಯ ಗುಳ್ಳೆಗಳು ಸಂಗ್ರಹವಾಗುತ್ತವೆ. ಅವುಗಳನ್ನು ಹೊರಗೊಯ್ಯಲು ಕಿರುಬೆರಳಿಗಿಂತಲೂ ತೆಳುವಾದ ಕೊಳವೆಯೊಂದು ರೇಡಿಯೇಟರಿಗೋ ಅದರ ಪೂರಕ ತೊಟ್ಟಿಗೋ ಸೇರಬೇಕು. ಈ ಅಲ್ಪವಾದ ಕೊಳವೆಯನ್ನು ಅಲಕ್ಷಿಸಿ ಅದರ ಬಾಯನ್ನು ಮುಚ್ಚಿಬಿಟ್ಟರೆ, ಮೀಟರಿನಲ್ಲಿ ಉಷ್ಣತೆ ಸರಿಯಾಗಿಯೇ ಕಾಣುತ್ತಿರುವಾಗ ಒಳಗೆ ಒಂದು ಮೂಲೆ ಬೇಯುತ್ತಿರಬಹುದು.

ನಾಲ್ಕನೆಯದು ನರಮಂಡಲ, ಎಂದರೆ ವೈರಿಂಗು. ಕ್ರ್ಯಾಂಕ್ ಶಾಫ್ಟಿನ ಮೇಲಿರುವ ಸೂಚಕ ಚಕ್ರದ ಹಲ್ಲುಗಳನ್ನು ಎಣಿಸಿಯೇ ಕಂಪ್ಯೂಟರು ಪಿಸ್ಟನ್ನುಗಳ ಸ್ಥಾನವನ್ನು ತಿಳಿಯುತ್ತದೆ. ಮೊದಮೊದಲ ಎಂಜಿನ್ನುಗಳ ಎಣಿಕೆ 24ರದು, ಅನಂತರದವುಗಳದು 58ರದು. 24ರ ಭಾಷೆಯನ್ನು ಬಲ್ಲ ಕಂಪ್ಯೂಟರನ್ನು 58ರ ಎಂಜಿನ್ನಿಗೆ ಜೋಡಿಸಿದರೆ, ಎರಡೂ ದೋಷರಹಿತವಾಗಿದ್ದರೂ ಎಂಜಿನ್ ಉಸಿರಾಡದು. ಗುರುವೂ ಶಿಷ್ಯನೂ ಸಮರ್ಥರಾಗಿದ್ದು ಭಾಷೆಯೊಂದೇ ಬೇರೆಯಾದಾಗ ಪಾಠ ನಡೆಯದಿರುವಂತೆ ಇದು.

ಐದನೆಯದು ಶಕ್ತಿಯ ಸಾಗಣೆ. ಹಳೆಯ ಮೂರು ಗೇರುಗಳ ಸ್ವಯಂಚಾಲಿತ ಪೆಟ್ಟಿಗೆಯಲ್ಲಿ ಕೊನೆಯ ಗೇರಿನ ಅನುಪಾತ 1.00. ಹಿಂದಿನ ಆಕ್ಸಲಿನ ಅನುಪಾತ 3.73, ಗಾಲಿಯ ವ್ಯಾಸ 26 ಅಂಗುಲ ಎಂದಿಟ್ಟುಕೊಂಡರೆ, ಗಂಟೆಗೆ 60 ಮೈಲಿ ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2,900 ಸುತ್ತು ತಿರುಗಬೇಕು. ಎಲ್.ಎಸ್. ಎಂಜಿನ್ನುಗಳೊಡನೆ ಬರುತ್ತಿದ್ದ ನಾಲ್ಕು ಗೇರುಗಳ ಪೆಟ್ಟಿಗೆಯ ಕೊನೆಯ ಅನುಪಾತ 0.70, ಅದನ್ನು ಕೂಡಿಸಿದರೆ ಅದೇ ವೇಗಕ್ಕೆ ಸುಮಾರು 2,000 ಸುತ್ತು ಸಾಕು. ಸದ್ದು, ಸವೆತ, ಇಂಧನವ್ಯಯ ಮೂರೂ ತಗ್ಗುತ್ತವೆ. ಹೊಸ ಎಂಜಿನ್ನಿನಿಂದ ಆಯಿತೆಂದು ಹೇಳಿಕೊಳ್ಳುವ ಉಳಿತಾಯದಲ್ಲಿ ಒಂದು ಪಾಲು ವಾಸ್ತವವಾಗಿ ಗೇರುಪೆಟ್ಟಿಗೆಗೆ ಸಲ್ಲಬೇಕಾದುದು. ಪೆಟ್ಟಿಗೆಯ ಉದ್ದ ಬೇರೆಯಾದಾಗ ಪ್ರೊಪೆಲ್ಲರ್ ಶಾಫ್ಟನ್ನೂ ಹೊಸದಾಗಿ ಅಳೆದು ಮಾಡಿಸಬೇಕೆಂಬುದು ಬೇರೆ ಮಾತು.

ಆರನೆಯದು ತಡೆ

ಕೊನೆಗೆ ಹೇಳಿದರೂ ಇದೇ ಮೊದಲನೆಯದು. 1964ರ ಜಿ.ಟಿ.ಓ. ಕಾರಿನ ನಾಲ್ಕು ಗಾಲಿಗಳಿಗೂ ಇದ್ದುದು 9.5 ಅಂಗುಲದ ಡ್ರಮ್ ಬ್ರೇಕುಗಳು. ನಾಲ್ಕಕ್ಕೂ ಒಂದೇ ದ್ರವಮಾರ್ಗ. ಎಲ್ಲಿಯಾದರೂ ಒಂದು ಕೊಳವೆ ಸೋರಿದರೆ ನಾಲ್ಕೂ ಬ್ರೇಕುಗಳು ನಿಷ್ಕ್ರಿಯವಾಗುತ್ತಿದ್ದವು. 1967ರಿಂದ 1969ರವರೆಗಿನ ಕಮಾರೊದಲ್ಲಿಯೂ ಮುಂಗಾಲಿಗಳ ಡಿಸ್ಕ್ ಬ್ರೇಕುಗಳು ಹೆಚ್ಚು ಹಣ ತೆತ್ತವರಿಗೆ ಮಾತ್ರ ದೊರೆಯುತ್ತಿದ್ದವು.

ಚಲನಶಕ್ತಿಯ ಸೂತ್ರವನ್ನು ಪ್ರೌಢಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲ: ರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಬೇಕು. 1,600 ಕಿಲೋಗ್ರಾಂ ತೂಕದ ಕಾರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತಿದ್ದರೆ ಅದರಲ್ಲಿರುವ ಶಕ್ತಿ ಸುಮಾರು 3.95 ಲಕ್ಷ ಜೂಲ್. ವೇಗ 160 ಆದರೆ ಅದು ಸುಮಾರು 15.8 ಲಕ್ಷ ಜೂಲ್. ವೇಗ ಇಮ್ಮಡಿಸಿದರೆ ಶಕ್ತಿ ನಾಲ್ಮಡಿಸುತ್ತದೆ; ನಿಲ್ಲಿಸಬೇಕಾದಾಗ ಅದಷ್ಟೂ ಬ್ರೇಕುಗಳಲ್ಲಿ ಶಾಖವಾಗಿ ಪರಿಣಮಿಸುತ್ತದೆ. ಡ್ರಮ್ಮು ಕಾದಾಗ ಹಿಗ್ಗಿ ಒಳಗಿನ ಪಟ್ಟಿಯಿಂದ ದೂರ ಸರಿಯುತ್ತದೆ, ಪಟ್ಟಿಯ ಹಿಡಿತವೂ ಕುಂದುತ್ತದೆ. ಗಾಳಿಗೆ ತೆರೆದುಕೊಂಡ ಡಿಸ್ಕು ಬೇಗ ತಣಿಯುತ್ತದೆ. ಹೊಸ ಎಂಜಿನ್ನಿಗೆ ಹಣವಿದೆ, ಬ್ರೇಕಿಗೆ ಮುಂದಿನ ವರ್ಷ ನೋಡೋಣ ಎನ್ನುವವನು ತನ್ನ ಪ್ರಾಣವನ್ನು ಮಾತ್ರವಲ್ಲ, ಎದುರಿನಿಂದ ಬರುವವನ ಪ್ರಾಣವನ್ನೂ ಪಣಕ್ಕಿಡುತ್ತಾನೆ. ಓಡಿಸುವ ಶಕ್ತಿ ಹೆಚ್ಚುವ ಮುನ್ನ ನಿಲ್ಲಿಸುವ ಶಕ್ತಿ ಹೆಚ್ಚಬೇಕು. ಈ ಕ್ರಮ ಎಂದಿಗೂ ತಲೆಕೆಳಗಾಗಕೂಡದು.

ಸ್ಥಾವರವೋ ಜಂಗಮವೋ

ಇಲ್ಲಿಯವರೆಗೆ ‘ಹೇಗೆ’ ಎಂಬುದನ್ನು ನೋಡಿದೆವು. ‘ಮಾಡಬಹುದೇ’ ಎಂಬುದು ಬೇರೆಯದೇ ಆದ ಪ್ರಶ್ನೆ. ಮೂಲ ಎಂಜಿನ್ನಿನ ಮೇಲೆ ಕೆತ್ತಿದ ಸಂಖ್ಯೆ ಕಾರಿನ ಗುರುತಿನ ಸಂಖ್ಯೆಯೊಡನೆ ತಾಳೆಯಾಗುವ ಕಾರುಗಳಿಗೆ ಅಮೆರಿಕದ ಸಂಗ್ರಾಹಕರು ಬಹಳ ಹೆಚ್ಚಿನ ಬೆಲೆ ಕೊಡುತ್ತಾರೆ. ಅಂಥ ಕಾರಿನ ಎಂಜಿನ್ನನ್ನು ಕಿತ್ತುಹಾಕುವುದು ಶಿಲಾಶಾಸನವನ್ನು ಒರೆಸಿ ಹೊಸ ಬರಹ ಬರೆದಂತೆಂದು ಅವರ ವಾದ. ಓಡದ ಕಾರು ಕಾರೇ ಅಲ್ಲ, ರಸ್ತೆಯ ಮೇಲೆ ನಂಬಿಕೆಯಿಂದ ಸಾಗುವುದೇ ಅದರ ಧರ್ಮವೆಂದು ಎದುರು ಪಕ್ಷದವರ ವಾದ. ನಮ್ಮ ಶರಣಪರಂಪರೆಯ ಪರಿಭಾಷೆಯನ್ನು ಎರವಲು ಪಡೆಯುವುದಾದರೆ, ಒಬ್ಬರಿಗೆ ಅದು ಸ್ಥಾವರ, ಇನ್ನೊಬ್ಬರಿಗೆ ಜಂಗಮ.

ಎರಡೂ ವಾದಗಳಲ್ಲಿ ಸತ್ಯಾಂಶವುಂಟು. ಮೂಲ ಎಂಜಿನ್ ಉಳಿದಿರುವ ಅಪರೂಪದ ಕಾರನ್ನು ಮುಟ್ಟದಿರುವುದೇ ಲೇಸು. ಆದರೆ ಎಂಜಿನ್ ಎಂದೋ ಕಳೆದುಹೋಗಿ ಬರಿಯ ಒಡಲಾಗಿ ಉಳಿದ ಕಾರುಗಳೂ ಉಂಟು. ಅವುಗಳಿಗೆ ಹೊಸ ಎಂಜಿನ್ ಪುನರ್ಜನ್ಮವೇ ಸರಿ. ಇವೆರಡರ ನಡುವಣ ಸಂದರ್ಭಗಳಲ್ಲಿ ವಿವೇಕಿಗಳು ಒಂದು ಮಧ್ಯಮ ಮಾರ್ಗವನ್ನು ಕಂಡುಕೊಂಡಿದ್ದಾರೆ: ಮೂಲ ಎಂಜಿನ್ನನ್ನು ಎಣ್ಣೆ ಸವರಿ ಮುಚ್ಚಿಟ್ಟು, ಹೊಸದನ್ನು ಬೋಲ್ಟುಗಳಿಂದ ಮಾತ್ರ ಜೋಡಿಸುವುದು, ಏನನ್ನೂ ಕತ್ತರಿಸದಿರುವುದು, ಮುಂದೊಂದು ದಿನ ಮಗನೋ ಮೊಮ್ಮಗಳೋ ಬಯಸಿದರೆ ಹಳೆಯ ಸ್ಥಿತಿಗೆ ಮರಳುವ ದಾರಿಯನ್ನು ತೆರೆದಿಡುವುದು. ಕಮಾರೊ ಮತ್ತು ಮಸ್ಟಾಂಗುಗಳ ನಡುವೆ ಮೇಲೆ ಕಂಡ ಭೇದದ ಮಹತ್ತ್ವ ಇದೇ. ಬೋಲ್ಟಿನ ಕೆಲಸವನ್ನು ಮುಂದಿನವರು ತಿದ್ದಬಲ್ಲರು. ಗರಗಸದ ಕೆಲಸವನ್ನು ತಿದ್ದುವುದು ಬಲು ಕಷ್ಟ.

ಕಾನೂನಿನ ಎಲ್ಲೆಗಳನ್ನೂ ಅರಿತಿರಬೇಕು. ಕ್ಯಾಲಿಫೋರ್ನಿಯ ರಾಜ್ಯದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾದರಿಯ ಪೆಟ್ರೋಲು ಕಾರುಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿಯಿದೆ. ಅನಂತರದ ಕಾರುಗಳಿಗೆ ಎಂಜಿನ್ ಬದಲಿಸುವವರು ಕಾರಿನಷ್ಟೇ ಹೊಸದಾದ ಅಥವಾ ಅದಕ್ಕಿಂತ ಹೊಸದಾದ ಎಂಜಿನ್ನನ್ನೇ, ಅದರ ಹೊಗೆ ನಿಯಂತ್ರಣ ಸಲಕರಣೆಗಳೆಲ್ಲದರ ಸಮೇತ, ಜೋಡಿಸಿ ತಪಾಸಣೆಗೆ ಒಪ್ಪಿಸಬೇಕು. ಭಾರತದಲ್ಲಿ ನಿಯಮ ಇನ್ನೂ ಬಿಗಿಯಾದುದು. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ನಿರ್ದೇಶಗಳಿಗೆ ಭಿನ್ನವಾಗುವಂಥ ಮಾರ್ಪಾಟನ್ನು ನಿಷೇಧಿಸುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಸ್ಪಷ್ಟಪಡಿಸಿದೆ. ಬೇರೆ ಇಂಧನಕ್ಕೆ ಪರಿವರ್ತಿಸುವ ಅಂಗೀಕೃತ ಜೋಡಣೆಗಳಿಗೆ ಷರತ್ತುಗಳೊಡನೆ ಅವಕಾಶವುಂಟು. ಆದುದರಿಂದ ಉತ್ಸಾಹಿ ಯುವಕರು ಅಮೆರಿಕದ ಉದಾಹರಣೆಯನ್ನು ಇಲ್ಲಿ ಅನುಕರಿಸಲು ಹೊರಡಬಾರದು.

ಹಾಗೆಂದು ಈ ವಿದ್ಯೆ ನಮಗೆ ಅಪರಿಚಿತವಲ್ಲ. ನಮ್ಮ ಅಂಬಾಸಡರ್ ಕಾರಿನ ಒಡಲು 1950ರ ದಶಕದ ಮಾರಿಸ್ ಆಕ್ಸ್‌ಫರ್ಡಿನದು. ಅದಕ್ಕೆ 1990ರ ದಶಕದ ಆರಂಭದಲ್ಲಿ ತಯಾರಕರೇ ಜಪಾನಿನ ಇಸುಜು ವಿನ್ಯಾಸದ 1.8 ಲೀಟರಿನ ಎಂಜಿನ್ನನ್ನೂ ಐದು ಗೇರುಗಳ ಪೆಟ್ಟಿಗೆಯನ್ನೂ ಕೂಡಿಸಿದರು. ಎಂಜಿನ್ನಿನೊಡನೆ ಗೇರುಪೆಟ್ಟಿಗೆಯೂ ಬದಲಾದುದನ್ನು ಗಮನಿಸಬೇಕು. 2014ರಲ್ಲಿ ಉತ್ತರಪಾರಾದ ಕಾರ್ಖಾನೆಯಲ್ಲಿ ತಯಾರಿಕೆ ನಿಲ್ಲುವವರೆಗೂ ಆ ಹಳೆಯ ಒಡಲು ಬಾಳಿತು.

ಉಪಸಂಹಾರ

ಮುಂದಿನ ಎಂಜಿನ್ ಬಹುಶಃ ಎಂಜಿನ್ನೇ ಆಗಿರಲಾರದು. 2021ರಲ್ಲಿ ಫೋರ್ಡ್ ಸಂಸ್ಥೆ ಹಳೆಯ ವಾಹನಗಳಿಗೆ ಜೋಡಿಸಲೆಂದು 281 ಅಶ್ವಶಕ್ತಿಯ ವಿದ್ಯುತ್ ಮೋಟಾರೊಂದನ್ನು 3,900 ಡಾಲರಿಗೆ ಮಾರಾಟಕ್ಕಿಟ್ಟಿತು. ಆದರೆ ಬ್ಯಾಟರಿ, ಇನ್ವರ್ಟರುಗಳು ಆ ಬೆಲೆಯಲ್ಲಿ ಸೇರಿರಲಿಲ್ಲ. ಶಕ್ತಿಮೂಲ ಬದಲಾದರೂ ಪಾಠ ಬದಲಾಗಲಿಲ್ಲ: ಹೃದಯವೊಂದನ್ನು ಕೊಂಡರೆ ಸಾಲದು, ನಾಡಿಗಳನ್ನೂ ಒದಗಿಸಬೇಕು.

ಈ ಪಾಠ ಕಾರುಗಳಿಗಷ್ಟೇ ಅನ್ವಯಿಸುವುದಲ್ಲ. ಶ್ರೀಮಠದ ಆಶ್ರಯದಲ್ಲಿ ಬೆಳೆದ ವಿದ್ಯಾಸಂಸ್ಥೆಗಳಿಗೆ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಪ್ರಯೋಗಾಲಯದ ಉಪಕರಣಗಳನ್ನೂ ಕಂಪ್ಯೂಟರುಗಳನ್ನೂ ಉದಾರವಾಗಿ ನೀಡುತ್ತ ಬಂದಿರುವರು. ಅದು ದಾಸೋಹವೇ ಸರಿ. ಆದರೆ ಉಪಕರಣದೊಡನೆ ಅದನ್ನು ತಾಳಬಲ್ಲ ವಿದ್ಯುತ್ ವ್ಯವಸ್ಥೆ, ಅದನ್ನು ಬಲ್ಲ ಅಧ್ಯಾಪಕ, ಕೆಟ್ಟಾಗ ತಿದ್ದುವ ಕೈ, ವರ್ಷವರ್ಷದ ನಿರ್ವಹಣೆಯ ಹಣ ಇವಿಲ್ಲದಿದ್ದರೆ, 58 ಪೌಂಡಿನ ಒತ್ತಡವನ್ನು ಹಳೆಯ ರಬ್ಬರು ಕೊಳವೆಗೆ ಒಪ್ಪಿಸಿದಂತಾಗುತ್ತದೆ. ಹೊಸದನ್ನು ಕೊಡುವವರು ಅದರ ತಂಪನ್ನೂ ತಡೆಯನ್ನೂ ತಂತಿಯನ್ನೂ ಕುರಿತು ಮೊದಲೇ ಕೇಳಬೇಕು. ಪಡೆಯುವವರು ಸಂಕೋಚವಿಲ್ಲದೆ ಹೇಳಬೇಕು. ಹಳೆಯ ಕಟ್ಟಡವನ್ನೋ ಹಳೆಯ ಕ್ರಮವನ್ನೋ ಮಾರ್ಪಡಿಸಲು ಹೊರಟವರು, ಇದು ಬೋಲ್ಟಿನ ಕೆಲಸವೋ ಗರಗಸದ ಕೆಲಸವೋ ಎಂದು ಒಮ್ಮೆ ನಿಂತು ಯೋಚಿಸಬೇಕು. ಕಾಯಕವೆಂದರೆ ಕೈಯ ಕೆಲಸ ಮಾತ್ರವಲ್ಲ; ಕೈಯಿಡುವ ಮೊದಲು ಅಳೆದು ನೋಡುವ ಕಣ್ಣಿನ ಕೆಲಸವೂ ಹೌದು.